ಕಟ್ಟುವ ವೇಷ, ತೊಡುವ ವೇಷ

ಬಾರ್ಕೂರಿನ ಕಡೆಯ ವಿದ್ಯಾರ್ಥಿಯೊಬ್ಬ ಮೊನ್ನೆ ತರಗತಿ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ, ಬೆಂಗಳೂರಿನ ಕಾಮಿಕ್ ಕಾನ್ ಎಂಬ ಸಮ್ಮೇಳನದ ಕೆಲವು ಚಿತ್ರಗಳನ್ನು ತೋರಿಸಿದ. ರಟ್ಟು, ಸ್ಪಂಜು, ಬಟ್ಟೆಗಳಿಂದ ತಾವೇ ಕವಚ ಕಿರೀಟಗಳನ್ನು ಮಾಡಿ ತೊಟ್ಟು, ಚಿತ್ರಕಥೆಗಳ ವೀರರಂತೆ ನಿಂತ ತರುಣ ತರುಣಿಯರು. ಇದಕ್ಕೆ ಕಾಸ್‌ಪ್ಲೇ ಎಂದು ಹೆಸರು. ಜಪಾನಿನಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ಮಾತು. “ಸರ್, ನಮ್ಮೂರ ಹವ್ಯಾಸಿ ಸಂಘದವ್ರ್ ಮಾಡುದೂ ಇದೇ ಅಲ್ದಾ?” ಎಂದು ಅವನ ಪ್ರಶ್ನೆ. ಅಲ್ಲವೆಂದು ಥಟ್ಟನೆ ಹೇಳಿದೆ. ಏಕಲ್ಲ ಎಂದು ವಿವರಿಸಲು ಹೋಗಿ ತೊದಲಿದೆ.

ತೊದಲಿದ್ದಕ್ಕೆ ನನ್ನ ಓದೇ ಕಾರಣವೆನ್ನಬೇಕು. ಕನ್ನಡ ಎಂ.ಎ. ಮಾಡಿದ ನಮಗೆ ಯಕ್ಷಗಾನವೆಂದರೆ ಪ್ರಸಂಗ. ಪ್ರಸಂಗವೆಂದರೆ ಪದ್ಯ, ಛಂದಸ್ಸು, ಪಾರ್ತಿಸುಬ್ಬನ ಕಾಲ ದೇಶಗಳ ಚರ್ಚೆ. ಹೆಚ್ಚೆಂದರೆ ತಾಳಮದ್ದಳೆಯ ಅರ್ಥಗಾರಿಕೆಯವರೆಗೆ ಹೋದೇವು. ಅಲ್ಲಿ ಗೆಜ್ಜೆಯೂ ಇಲ್ಲ, ಕಿರೀಟವೂ ಇಲ್ಲ, ಮಾತೊಂದೇ ಇರುವುದರಿಂದ ಸಾಹಿತ್ಯದವರಿಗೆ ಅದು ಹಿತ. ವೇಷದ ಪಾಲಿಗೆ ‘ವರ್ಣರಂಜಿತ’ ಎಂಬ ಒಂದು ವಿಶೇಷಣವನ್ನು ದಾನಮಾಡಿ ನಮ್ಮ ವಿಮರ್ಶೆ ಮುಂದೆ ಸಾಗುತ್ತದೆ.

ಇದಕ್ಕೆ ದೊಡ್ಡ ಅಪವಾದ ಬಾರ್ಕೂರಿಗೆ ದೂರವಲ್ಲದ ಕೋಟದ ಶಿವರಾಮ ಕಾರಂತರು. 1957ರಲ್ಲಿ ಬಂದ, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಯಕ್ಷಗಾನ ಬಯಲಾಟ’ದಲ್ಲಿ ಬಣ್ಣ, ಆಕಾರಗಳು ಹಾಡು ಕುಣಿತಗಳ ಸರಿಸಮಕ್ಕೆ ಕುಳಿತಿವೆ. ಮುಂದೆ ತಮ್ಮ ಪ್ರಯೋಗಗಳಲ್ಲಿ ಅವರು ಮಾತನ್ನು ಕೈಬಿಟ್ಟರು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ಅದಕ್ಕೆ ನನ್ನ ತಕರಾರಿದೆ. ಆದರೆ ವೇಷದ ವಿಷಯದಲ್ಲಿ ಅವರ ಕಣ್ಣು ಹಳೆಯ ಮಾದರಿಯನ್ನೇ ಹುಡುಕುತ್ತಿತ್ತು. ಅವರ ಬಳಿಕ ಬಡಗಿನ ವೇಷವನ್ನು ವಿವರವಾಗಿ ಬರೆದಿಟ್ಟವರಲ್ಲಿ ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಮುಖ್ಯರು. ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಅವರ ಗ್ರಂಥ 1977ರಲ್ಲಿ ಬಂತು. ನಾವು ಎಂ.ಎ.ಯವರು ಆಗ ಏನು ಮಾಡುತ್ತಿದ್ದೆವೋ!

ಇನ್ನು ಹುಡುಗನ ಪ್ರಶ್ನೆ. ಚಿತ್ರಕಥೆಯ ವೀರನಿಗೆ ಒಬ್ಬ ಚಿತ್ರಕಾರ ಬರೆದಿಟ್ಟ ಒಂದು ರೂಪವಿದೆ. ಅದಕ್ಕೆ ಎಷ್ಟು ಹತ್ತಿರ ಹೋದರೆ ಅಷ್ಟು ಗೆಲುವು. ನಮ್ಮ ಕರ್ಣನನ್ನು ಕಂಡವರಾರು? ಬಡಗುತಿಟ್ಟಿನ ವೇಷ ಕರ್ಣನ ಪ್ರತಿಕೃತಿಯಲ್ಲ. ಕರ್ಣನಿಗೂ ಮುಂಡಾಸು, ಅರ್ಜುನನಿಗೂ ಮುಂಡಾಸು. ಎಳೆಯ ವೀರನಾದ ಅಭಿಮನ್ಯುವಿಗೆ ಕೇದಗೆ ಮುಂದಲೆ. ರಕ್ಕಸನಾದರೆ ಬಣ್ಣದ ವೇಷ, ಮೋರೆಯ ತುಂಬ ಅಕ್ಕಿಹಿಟ್ಟಿನ ಚಿಟ್ಟೆ. ವೇಷವು ಜಾತಿಯನ್ನು ಹೇಳುತ್ತದೆ, ವ್ಯಕ್ತಿಯನ್ನಲ್ಲ. ಈ ಮುಂಡಾಸಿನೊಳಗಿರುವವನು ಕರ್ಣನೇ ಎಂದು ತೋರಿಸಬೇಕಾದುದು ಹೆಜ್ಜೆ ಮತ್ತು ಮಾತು. ನಮ್ಮ ನೆರೆಯ ಹಾರಾಡಿಯ ರಾಮ ಗಾಣಿಗರಂಥವರ ಹೆಸರು ಇಂದಿಗೂ ನಿಂತಿರುವುದು ಇದನ್ನು ಸಾಧಿಸಿದ್ದರಿಂದಲೇ. ಆದ್ದರಿಂದ ಮಾತನ್ನಷ್ಟೇ ಓದಿ ಯಕ್ಷಗಾನವನ್ನು ಅಳೆಯುವ ನಾವು, ಕ್ರಿಯಾಪದವನ್ನು ಮಾತ್ರ ಇಟ್ಟುಕೊಂಡು ವಾಕ್ಯವನ್ನು ವಿಮರ್ಶಿಸುವವರು.

ಅಷ್ಟರಿಂದಲೇ ಹುಡುಗನನ್ನು ಸೋಲಿಸಿದಂತಾಗಲಿಲ್ಲ. ಆ ಚಿತ್ರಗಳಲ್ಲಿದ್ದವರು ತಮ್ಮ ವೇಷವನ್ನು ತಾವೇ ಕಟ್ಟಿದ್ದರು. ನಮ್ಮ ಹವ್ಯಾಸಿಗಳೊ?

ಹಿಂದಿನ ಚಳಿಗಾಲ ಇಲ್ಲಿಗೆ ಹತ್ತಿರದ ಒಂದು ಆಟದ ಚೌಕಿಯಲ್ಲಿ ಕುಳಿತಿದ್ದೆ. ಬ್ಯಾಂಕಿನವರು, ಮಾಸ್ತರರು, ಅಂಗಡಿಯವರು ಸೇರಿದ ತಂಡ. ಬಾಡಿಗೆಯ ಪೆಟ್ಟಿಗೆಗಳು ಬಂದವು. ಅವುಗಳೊಳಗಿಂದ ಮೊದಲೇ ಕಟ್ಟಿಟ್ಟ ಮುಂಡಾಸುಗಳು ಟೊಪ್ಪಿಗಳ ಹಾಗೆ ಹೊರಬಿದ್ದವು. ಹತ್ತು ನಿಮಿಷದಲ್ಲಿ ಅರ್ಜುನ ಸಿದ್ಧ. ಒಂದು ಮೂಲೆಯಲ್ಲಿ ಮಾತ್ರ, ನಿವೃತ್ತಿಗೆ ಹತ್ತಿರವಾದ ಶಾಲಾ ಮಾಸ್ತರರೊಬ್ಬರು ಸಂಜೆಯಿಂದಲೇ ಕುಳಿತು, ಬಟ್ಟೆಯ ಸುರುಳಿಗಳನ್ನು ತಲೆಗೆ ಬಿಗಿದು, ಮೇಲೆ ಜರಿಯ ಪಟ್ಟಿಗಳನ್ನು ಒಂದೊಂದಾಗಿ ಎಳೆದು, ಕನ್ನಡಿ ನೋಡಿ ಬಿಚ್ಚಿ, ಮತ್ತೆ ಕಟ್ಟಿದರು. ಎದೆಕಟ್ಟು, ಭುಜಕೀರ್ತಿಗಳು ಅವರ ಸ್ವಂತದವು. ರಜೆಯ ದಿನಗಳಲ್ಲಿ ಹಗುರ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಚೂರು ಕೂರಿಸಿದ್ದು. ರಂಗಕ್ಕೆ ಬಂದಾಗ ವ್ಯತ್ಯಾಸ ಕಾಣದಿರಲಿಲ್ಲ. ತಂದ ಮುಂಡಾಸು ತಲೆಯ ಮೇಲೆ ಕುಳಿತಿರುತ್ತದೆ, ಕುಣಿತಕ್ಕೆ ತಡವಾಗಿ ತಿರುಗುತ್ತದೆ; ಕಟ್ಟಿದ ಮುಂಡಾಸು ಮುಖದ ಅಳತೆಗೆ ಹುಟ್ಟಿ ಕೊರಳಿನೊಡನೆ ತಿರುಗುತ್ತದೆ. ಮಾಸ್ತರರ ಮಾತು ಸಾಧಾರಣ, ಕಾಲೂ ಸೋತಿತ್ತು. ಆದರೂ ಆ ಇರುಳು ಪಾತ್ರವಾಗಿ ಕಂಡವರು ಅವರೊಬ್ಬರೇ.

ಬಾಡಿಗೆಯವರನ್ನು ನಾನು ದೂರುವುದಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಊರಲ್ಲಿ ಆಟವೇ ಇಲ್ಲ. ಎರಡೂವರೆ ಮೂರು ಗಂಟೆಯ ಕಾಲಮಿತಿಯ ಆಟಕ್ಕೆ ಅಷ್ಟೇ ಹೊತ್ತು ವೇಷ ಕಟ್ಟುವುದೇಕೆಂಬ ಪ್ರಶ್ನೆಯೂ ಅಸಂಗತವಲ್ಲ. ಆದರೆ ಈ ಪ್ರಶ್ನೆ ಮೇಳದವರ ಬಾಯಲ್ಲಿ ಒಪ್ಪುತ್ತದೆ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು ನೋಡುವವನಿಗೆ ಸಮಯವಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಬಣ್ಣ ಹಚ್ಚುವ ಹವ್ಯಾಸಿಗೂ ಸಮಯವಿಲ್ಲವೆಂದರೆ ಏನೆನ್ನೋಣ? ಹವ್ಯಾಸವೆಂದರೆ ಸಮಯವೇ ಅಲ್ಲವೆ? ‘ಅವರದು ಹವ್ಯಾಸಿ ಆಟ’ ಎಂದು ಮೂಗು ಮುರಿಯುವ ಪಂಡಿತರೊಡನೆ ನನಗೆ ಸಹಮತವಿಲ್ಲ. ಮುಂಡಾಸು ಕಟ್ಟುವ ವಿದ್ಯೆ ಯಾವ ಪುಸ್ತಕದಿಂದಲೂ ಬರುವುದಲ್ಲ, ಕಾರಂತರದರಿಂದಲೂ ಬರದು. ಬಲ್ಲವನ ಕೈ ಕಲಿಯುವವನ ತಲೆಯ ಮೇಲೆ ಆಡಬೇಕು. ಅದಕ್ಕೆ ಬಿಡುವುಳ್ಳ ತಲೆಗಳಿರುವುದು ಹವ್ಯಾಸಿಗಳಲ್ಲಿಯೇ.

ಆ ಆಟದ ಕರಪತ್ರವನ್ನು ತೆಗೆದಿಟ್ಟಿದ್ದೇನೆ. ಭಾಗವತರ ಹೆಸರಿದೆ, ಮದ್ದಳೆ, ಚಂಡೆಯವರ ಹೆಸರಿದೆ, ಮುಮ್ಮೇಳದವರೆಲ್ಲರ ಹೆಸರಿದೆ, ಊಟದ ವ್ಯವಸ್ಥೆ ಮಾಡಿದವರದೂ ಇದೆ. ವೇಷಭೂಷಣವೆಂಬಲ್ಲಿ ಬಾಡಿಗೆಯ ಸಂಸ್ಥೆಯ ಹೆಸರು. ತನ್ನ ತಲೆಯನ್ನು ತಾನೇ ಕಟ್ಟಿಕೊಂಡ ಮಾಸ್ತರರೂ ಅದರಡಿಯಲ್ಲಿಯೇ ಸೇರಿಹೋಗಿದ್ದಾರೆ. ಹುಡುಗನಿಗೆ ಈ ಕರಪತ್ರ ತೋರಿಸಿ ನಡೆದುದನ್ನು ಹೇಳಿದೆ. ಮಾಸ್ತರರ ಮನೆ ಎಲ್ಲಿ ಎಂದು ಕೇಳಿದ, ದಾರಿ ಹೇಳಿದ್ದೇನೆ.