ಹೂಜಿ ಗಿಡದ ಕಪ್ಪು ಬೇರು
ಸೊರಗಿದ ಹೂಜಿ ಗಿಡವನ್ನು ಬೇರೆ ಕುಂಡಕ್ಕೆ ದಾಟಿಸುವವರ ಬೆರಳುಗಳನ್ನು ನೋಡಬೇಕು. ಬೇರುಗಳು ಕಪ್ಪಗೆ, ಕೂದಲಿನಷ್ಟು ತೆಳ್ಳಗೆ. ಕೊಳೆತಿವೆಯೆಂದು ಹೊಸಬರು ಕತ್ತರಿಗೆ ಕೈಹಾಕುತ್ತಾರೆ. ಬಲ್ಲವರು ಮುಟ್ಟಿ ನೋಡುತ್ತಾರೆ: ಕೊಳೆತದ್ದು ಮೆತ್ತಗೆ ಕಳಚಿಕೊಳ್ಳುತ್ತದೆ, ಬದುಕಿರುವ ಬೇರೂ ಕಪ್ಪೇ!

ಹೂಜಿ ಗಿಡಗಳ ಕುಲದ ಹೆಸರು ನೆಪೆಂಥಿಸ್. ನಮ್ಮ ದೇಶದಲ್ಲಿ ಅದರ ಏಕೈಕ ಪ್ರಭೇದ ಇರುವುದು ಮೇಘಾಲಯದಲ್ಲಿ, ಹೆಸರು ನೆಪೆಂಥಿಸ್ ಖಾಸಿಯಾನ. ಸಾರವಿಲ್ಲದ ಮಣ್ಣಿನ ಈ ಕುಲ ಎಲೆತುದಿಯನ್ನೇ ಹೂಜಿಯಾಗಿಸಿ, ಹುಳು ಕೆಡವಿ ಸಾರಜನಕ ಗಳಿಸುತ್ತದೆ. ಅಂಥದ್ದಕ್ಕೆ ಕೊಟ್ಟಿಗೆ ಗೊಬ್ಬರ, ಮೇಲೆ ಬೋರ್‌ವೆಲ್ಲಿನ ಗಡಸು ನೀರು! ನಮ್ಮ ಉಪಚಾರವೇ ಅದಕ್ಕೆ ಕಂಟಕ.

ಹಾಗಾಗಿ ಹೊಸ ಕುಂಡಕ್ಕೆ ಮಣ್ಣೇ ಇಲ್ಲ. ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್, ಒಂದಿಷ್ಟು ತೊಗಟೆಚೂರು ಸಾಕು. ಬೇರಿಗಂಟಿದ ಹಳೆಯ ಮಿಶ್ರಣವನ್ನು ಕೆದಕದೆ, ಹೊಸದನ್ನು ಸಡಿಲವಾಗಿ ತುಂಬಿ, ಮಳೆನೀರು ಹನಿಸಬೇಕು. ಆಮೇಲೆ ಕೆಲವು ವಾರ ಸುಡುಬಿಸಿಲು ತಾಗದ ಬೆಳಕು, ಸುತ್ತ ತೇವದ ಗಾಳಿ.

ಒಣಗಿದ ಹೂಜಿ ಮತ್ತೆ ಹಸಿರಾಗದು. ಆಸೆಯೆಲ್ಲ ಹೊಸ ಎಲೆಯ ಮೇಲೆ. ಅದರ ತುದಿ ಉಬ್ಬಿ, ಮುಚ್ಚಳ ತೆರೆಯಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ನೊಣ ಹಿಡಿದು ತಿನ್ನಿಸಲು ಹೊರಡುವ ಉತ್ಸಾಹಿಗಳನ್ನು ಕುಂಡದಿಂದ ದೂರವಿಡುವುದೂ ಆರೈಕೆಯ ಭಾಗವೇ.