ಹಕ್ಕಿನ ಹೋರಾಟ, ನಿವೇದನೆಯಿಲ್ಲದ ಪಾಪ: ‘ಕೆ.ಜಿ.ಎಫ್.’ ಚಿತ್ರಗಳ ಒಂದು ಓದು

ಪ್ರಶಾಂತ್ ನೀಲ್ ನಿರ್ದೇಶಿಸಿದ ‘ಕೆ.ಜಿ.ಎಫ್.’ ಚಿತ್ರದ ಎರಡನೆಯ ಭಾಗ ತೆರೆಕಂಡದ್ದು 2022ರ ಏಪ್ರಿಲ್ 14ರಂದು. ಸಭೆಯ ಪಂಚಾಂಗದಲ್ಲಿ ಅದು ಕರ್ತನನ್ನು ಹಿಡಿದುಕೊಟ್ಟ ರಾತ್ರಿಯನ್ನು ಸ್ಮರಿಸುವ ಗುರುವಾರ. ಅಂದೇ ಅಂಬೇಡ್ಕರ್ ಜಯಂತಿಯೂ ಹೌದು. ನಿರ್ಮಾಪಕರು ಇದನ್ನೆಣಿಸಿ ದಿನ ಗೊತ್ತುಮಾಡಿರಲಾರರು. ಆದರೂ ದ್ರೋಹ, ದುಡಿಯುವವರ ಹಕ್ಕು ಇವೆರಡೂ ಕಥೆಯ ತಿರುಳಾಗಿರುವಾಗ ಆ ಕಾಕತಾಳೀಯವನ್ನು ಮರೆಯುವುದು ಕಷ್ಟ. ನಮ್ಮ ಯುವಜನರಿಗೆ ರಾಕಿಯ ಮಾತುಗಳು ಬಾಯಿಪಾಠವಾಗಿವೆ. ಸಭಾಪಾಲಕರು ಈ ಚಿತ್ರಗಳನ್ನು ಉಪೇಕ್ಷಿಸುವಂತಿಲ್ಲ.

2018ರ ಮೊದಲ ಭಾಗವು ವಿಮೋಚನಕಾಂಡದ ಛಾಯೆಯಲ್ಲಿ ಸಾಗುತ್ತದೆ. ನರಾಚಿಯ ಗಣಿಯೊಳಗೆ ಜೀತದವರ ಗೋಳು. ಹೊರಗಿನಿಂದ ಬಂದವನು ಆ ಗೋಳನ್ನು ಕಾಣುತ್ತಾನೆ, ಫರೋಹನಂಥ ಗರುಡನನ್ನು ಕೊಲ್ಲುತ್ತಾನೆ. ಭುವನ್ ಗೌಡರ ಛಾಯಾಗ್ರಹಣದಲ್ಲಿ ಆ ಮಸಿಹಿಡಿದ ಮುಖಗಳು ನಿಜಕ್ಕೂ ಮನಕಲಕುತ್ತವೆ. ಆದರೆ ಎರಡನೆಯ ಭಾಗದಲ್ಲಿ ವಿಮೋಚಕನೇ ಸಿಂಹಾಸನವನ್ನೇರುತ್ತಾನೆ. ಜನರಿಗೆ ಮನೆಗಳು ಏಳುತ್ತವೆ, ನಿಜ; ಅಗೆತ ಮಾತ್ರ ನಿಲ್ಲುವುದಿಲ್ಲ. ಕೆಂಪು ಸಮುದ್ರವನ್ನು ದಾಟದೆ ಐಗುಪ್ತದಲ್ಲಿಯೇ ಒಡೆಯನನ್ನು ಬದಲಾಯಿಸಿಕೊಂಡ ವಿಮೋಚನೆಯಿದು.

ಅಧೀರನ ಗುಂಡಿಗೆ ಬಿದ್ದ ರಾಕಿ ಮರಳಿ ಎದ್ದು, ಕೋವಿಗಳನ್ನು ಕೂಡಿಸಿ, ಗಣಿಯನ್ನು ಮತ್ತೆ ವಶಮಾಡಿಕೊಳ್ಳುವ ಭಾಗವೇ ಪ್ರೇಕ್ಷಕರಿಗೆ ಅತ್ಯಂತ ಪ್ರಿಯವಾದುದು. ನನ್ನ ಆಕ್ಷೇಪ ಇಲ್ಲಿಯೇ. ದ್ರೋಹಕ್ಕೊಳಗಾದವನ ನೋವನ್ನು ಚಿತ್ರವು ಅವನ ಹಕ್ಕಿನ ಪುರಾವೆಯನ್ನಾಗಿ ಮಾಡಿಬಿಡುತ್ತದೆ. ಕಣಕಟ್ಟೆಯಂಥ ತೆಂಗು-ರಾಗಿಯ ಊರುಗಳಲ್ಲಿ ಬದುವಿನ ವ್ಯಾಜ್ಯವನ್ನು ಕಂಡ ಯಾವ ಪಾಲಕನೂ ಈ ವಾದವನ್ನು ಒಪ್ಪಲಾರನು. ನಾಬೋತನು ದ್ರಾಕ್ಷೇತೋಟವನ್ನು ಪಿತ್ರಾರ್ಜಿತವೆಂದು ಬಿಡಲೊಲ್ಲದಿದ್ದುದು ಒಂದು ಬಗೆ. ಅಹಾಬನು ಅದು ಸಿಗದೆ ಮುಖ ಸಪ್ಪೆಮಾಡಿಕೊಂಡು ಮಲಗಿದ್ದು ಇನ್ನೊಂದು ಬಗೆ. ಇಬ್ಬರಿಗೂ ನೋವಿತ್ತು. ರಾಕಿಗೆ ಚಿತ್ರವು ನಾಬೋತನ ಕಣ್ಣೀರನ್ನೂ ಅಹಾಬನ ಅರಮನೆಯನ್ನೂ ಒಟ್ಟಿಗೆ ಕೊಟ್ಟಿದೆ.

ಪಾಪಪ್ರಜ್ಞೆಯ ಗತಿಯೇನು? ಪೊಲೀಸರ ವಶವಾದ ಒಂದೇ ಒಂದು ಚಿನ್ನದ ಗಟ್ಟಿಗಾಗಿ ರಾಕಿ ಠಾಣೆಯನ್ನೇ ಧ್ವಂಸಮಾಡುತ್ತಾನೆ. ಯೆಹೋಶುವನ ಗ್ರಂಥದ ಏಳನೆಯ ಅಧ್ಯಾಯದಲ್ಲಿಯೂ ಒಂದು ಚಿನ್ನದ ಗಟ್ಟಿಯುಂಟು. ಆಕಾನನು ಅದನ್ನು ಗುಡಾರದ ನೆಲದಲ್ಲಿ ಹೂತಿಟ್ಟನು. ಹೂತಿಟ್ಟದ್ದೇ ಅವನೊಳಗಿನ ಅಳುಕಿಗೆ ಸಾಕ್ಷಿ. ರಾಕಿಗೆ ಹೂಳಬೇಕೆನಿಸುವುದೇ ಇಲ್ಲ. ಮಡದಿ ರೀನಾಳ ಸಾವು ಅವನನ್ನು ಕ್ಷಣಕಾಲ ತಲೆತಗ್ಗಿಸುವಂತೆ ಮಾಡಬಹುದಿತ್ತು. ಚಿತ್ರವು ಆ ಬಾಗಿಲನ್ನು ತೆರೆಯುವಷ್ಟರಲ್ಲಿ ಸೇಡು ಒಳನುಗ್ಗುತ್ತದೆ. ಕೊನೆಗೆ ಚಿನ್ನದೊಡನೆ ಕಡಲಿನ ಪಾಲಾಗುವಾಗಲೂ ಅವನು ತಾಯಿಗೆ ಕೊಟ್ಟ ಮಾತನ್ನು ಪೂರೈಸುತ್ತಾನೆ, ಪಶ್ಚಾತ್ತಾಪಪಡುವುದಿಲ್ಲ.

ಚಿತ್ರದ ನರಾಚಿ ಕಲ್ಪಿತ. ಆದರೆ ಚಿತ್ರೀಕರಣ ನಡೆದದ್ದು ಕೋಲಾರದ ಗಣಿಯಿಂದ ಹೊರಬಿದ್ದ ಸಯನೈಡ್ ದಿಬ್ಬಗಳ ಮೇಲೆ. ಆ ನೆಲದ ಹಕ್ಕಿನ ಕಥೆ ಬೇರೆ. 1873ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕನು ಹಣ ಸಾಲದೆ ಕೆಲವೇ ವರ್ಷಗಳಲ್ಲಿ ಅದನ್ನು ಪರರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ಅವನಿಗೂ ಮುಂಚೆ, 1802ರಲ್ಲಿ ಜಾನ್ ವಾರನ್ ಬಂದಾಗ, ಸುತ್ತಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಆ ಹಳ್ಳಿಗರ ಹಕ್ಕನ್ನು ಯಾವ ದಫ್ತರವೂ ಬರೆದಿಡಲಿಲ್ಲ. ಮೂರು ಸಾವಿರ ಮೀಟರಿಗೂ ಆಳದ ಚಾಂಪಿಯನ್ ರೀಫ್‌ಗೆ ಇಳಿದವರಲ್ಲಿ ಬಹುಪಾಲು ತಮಿಳು, ತೆಲುಗು ಮಾತಿನ ದಲಿತರು. ಅವರಲ್ಲಿ ಕ್ರೈಸ್ತರೂ ಇದ್ದರು.

ಪಾ. ರಂಜಿತ್ ಅವರ ತಮಿಳು ಚಿತ್ರ ‘ತಂಗಲಾನ್’ (2024) ಇವರಿಂದಲೇ ಕಥೆಯನ್ನು ಆರಂಭಿಸುತ್ತದೆ. ಕಳೆದುಕೊಂಡ ಭೂಮಿಯನ್ನು ಬಿಡಿಸಿಕೊಳ್ಳಲು ಆಂಗ್ಲ ಅಧಿಕಾರಿಯೊಡನೆ ಚಿನ್ನ ಹುಡುಕಹೊರಟ ನಾಯಕನನ್ನು ಚಿನ್ನ ಕಾಯುವ ಆರತಿಯ ರೂಪವು ಬಿಡದೆ ಕಾಡುತ್ತದೆ. ಕಥನ ಗೋಜಲಾಗಿದೆ, ಉತ್ತರಾರ್ಧ ಜಾಳಾಗಿದೆ. ಆದರೂ ತಾನು ಯಾರ ನೆಲವನ್ನು ಅಗೆಯುತ್ತಿದ್ದೇನೆಂಬ ಅಳುಕು ಇಲ್ಲಿ ಜೀವಂತವಾಗಿದೆ. ದೈವಶಾಸ್ತ್ರದ ತರಗತಿಯಲ್ಲಿ ಇವೆರಡನ್ನೂ ಜೊತೆಯಾಗಿಟ್ಟು ನೋಡುವುದು ಒಳಿತು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕಾರ್ಮಿಕರ ಮಕ್ಕಳು ಇಂದಿಗೂ ಮುಂಜಾನೆ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತುತ್ತಾರೆ.