ನೋಟಿಸು ತಲುಪಿತ್ತು, ತೆರೆದವರಿರಲಿಲ್ಲ

ನ್ಯೂಯಾರ್ಕ್ ರಾಜ್ಯದ ಪರವಾನಗಿ ಇರುವವನು ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅತಿವೇಗಕ್ಕೆ ದಂಡ ಕಟ್ಟಿದರೆ ಅವನ ದಾಖಲೆಯಲ್ಲಿ ಒಂದು ಪಾಯಿಂಟೂ ಏರುವುದಿಲ್ಲ. ಅದೇ ತಪ್ಪನ್ನು ಕೆನಡಾದ ಒಂಟಾರಿಯೋದಲ್ಲೋ ಕ್ವಿಬೆಕ್‌ನಲ್ಲೋ ಮಾಡಿದರೆ ಏರುತ್ತದೆ! ನ್ಯೂಜೆರ್ಸಿಯದು ಬೇರೆ ಲೆಕ್ಕ: ಹೊರರಾಜ್ಯದಲ್ಲಿ ಇಂಥ ತಪ್ಪು ಸಾಬೀತಾದರೆ 2 ಪಾಯಿಂಟ್. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಟೆಕ್ಕಿಯೂ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಅವನ ಭಾವನೂ ಪೆನ್ಸಿಲ್ವೇನಿಯಾದ ಒಂದೇ ಹೆದ್ದಾರಿಯಲ್ಲಿ ಒಂದೇ ವೇಗಕ್ಕೆ ಸಿಕ್ಕಿಬಿದ್ದರೆ ಒಬ್ಬನ ಕಡತಕ್ಕೆ ಮಸಿ, ಇನ್ನೊಬ್ಬನದು ಬೆಳ್ಳಗೇ ಉಳಿಯುತ್ತದೆ.

ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯದ ಅಧಿಕಾರ. ಗಡಿಯಾಚೆಯ ತಪ್ಪುಗಳು ತವರು ರಾಜ್ಯಕ್ಕೆ ತಿಳಿಯಲೆಂದು 1960ರ ದಶಕದಲ್ಲಿ 'ಡ್ರೈವರ್ ಲೈಸೆನ್ಸ್ ಕಾಂಪ್ಯಾಕ್ಟ್' ಎಂಬ ಒಪ್ಪಂದ ಹುಟ್ಟಿತು. ಒಬ್ಬ ಚಾಲಕ, ಒಂದು ಪರವಾನಗಿ, ಒಂದು ದಾಖಲೆ ಎಂಬುದು ಅದರ ಘೋಷಣೆ. ಆದರೆ ಅದು ಕಡ್ಡಾಯವಾಗಿ ತವರಿನಲ್ಲೇ ಎಸಗಿದ ಅಪರಾಧವೆಂದು ಪರಿಗಣಿಸಲು ಹೇಳುವುದು ನಾಲ್ಕನ್ನು ಮಾತ್ರ: ವಾಹನದಿಂದಾದ ನಿರ್ಲಕ್ಷ್ಯದ ಸಾವು, ನಶೆಯ ಚಾಲನೆ, ವಾಹನ ಬಳಸಿ ಎಸಗಿದ ಘೋರ ಅಪರಾಧ, ಸಾವುನೋವಾದರೂ ನಿಲ್ಲದೆ ಪರಾರಿಯಾಗುವುದು. ಉಳಿದದ್ದು ರಾಜ್ಯದ ಮರ್ಜಿ. ಇದನ್ನು ದೋಷವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಸಣ್ಣ ತಪ್ಪಿನ ಬೆಲೆಯನ್ನು ರಾಜ್ಯಗಳೇ ಕಟ್ಟಿಕೊಳ್ಳಲಿ.

ನಿಜವಾದ ಹುಳುಕು ಇರುವುದು ನೋಟಿಸು ಬಂದು ಬೀಳುವ ಮೇಜಿನಲ್ಲಿ. 2019ರ ಜೂನ್ 21ರಂದು ನ್ಯೂಹ್ಯಾಂಪ್‌ಶೈರ್‌ನ ರ‍್ಯಾಂಡಾಲ್ಫ್ ಎಂಬಲ್ಲಿ ಟ್ರೇಲರ್ ಎಳೆಯುತ್ತಿದ್ದ ಪಿಕಪ್ ಟ್ರಕ್ಕಿಗೂ ಬೈಕ್ ಸವಾರರ ಗುಂಪಿಗೂ ಡಿಕ್ಕಿಯಾಗಿ ಏಳು ಜನ ಸತ್ತರು. ಟ್ರಕ್ಕಿನ ಚಾಲಕ ಮ್ಯಾಸಚೂಸೆಟ್ಸ್‌ನವನು. ಆರು ವಾರಗಳ ಹಿಂದಷ್ಟೇ ಕನೆಕ್ಟಿಕಟ್‌ನಲ್ಲಿ ನಶೆಯ ಚಾಲನೆಯ ಆರೋಪದಲ್ಲಿ ಸೆರೆಸಿಕ್ಕಿದ್ದ. ಕನೆಕ್ಟಿಕಟ್ ಸುದ್ದಿ ಕಳಿಸಿತ್ತು. ಮ್ಯಾಸಚೂಸೆಟ್ಸ್‌ನ ಕಂಪ್ಯೂಟರ್ ಅದನ್ನು 'ಯಾರಾದರೂ ನೋಡಬೇಕು' ಎಂಬ ಸಾಲಿಗೆ ತಳ್ಳಿತು, ಯಾರೂ ನೋಡಲಿಲ್ಲ. ಪರವಾನಗಿ ಹಾಗೇ ಉಳಿಯಿತು. ಆಮೇಲೆ ತನಿಖೆಗೆಂದು ಹೋದರೆ ಕ್ವಿನ್ಸಿಯಲ್ಲಿರುವ ಆ ರಾಜ್ಯದ ವಾಹನ ನೋಂದಣಿ ಇಲಾಖೆಯ ಕಚೇರಿಯಲ್ಲಿ ಪೆಟ್ಟಿಗೆ ಪೆಟ್ಟಿಗೆ ಹೊರರಾಜ್ಯದ ನೋಟಿಸುಗಳು, ವರ್ಷಕ್ಕೂ ಮೀರಿ ಧೂಳು ತಿನ್ನುತ್ತಿದ್ದವು. ಇಲಾಖೆಯ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. 2022ರಲ್ಲಿ ಜ್ಯೂರಿ ಆ ಚಾಲಕನನ್ನು ಖುಲಾಸೆ ಮಾಡಿತು. ಅಪಘಾತದ ಹೊಣೆ ಯಾರದೆಂಬುದು ಬೇರೆ ಪ್ರಶ್ನೆ, ಅಂದು ಅವನ ಕೈಯಲ್ಲಿ ಪರವಾನಗಿ ಇತ್ತೇಕೆ ಎಂಬುದು ಬೇರೆ.

ಒಪ್ಪಂದದಲ್ಲೇ ಲೋಪವಿದೆ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ನೋಟಿಸು ಬಂದಿತ್ತಲ್ಲ! ಕೇಂದ್ರದ 'ನ್ಯಾಷನಲ್ ಡ್ರೈವರ್ ರಿಜಿಸ್ಟರ್' ನೆರವಿಗೆ ಬರಬಹುದಿತ್ತೇ? ಅದರಲ್ಲಿ ಅಪರಾಧದ ವಿವರವೇ ಇರುವುದಿಲ್ಲ, ಇಂಥವನ ಬಗ್ಗೆ ಇಂಥ ರಾಜ್ಯವನ್ನು ಕೇಳಿ ಎಂದಷ್ಟೇ ಬೆರಳು ತೋರಿಸುತ್ತದೆ. ಹೊಸ ಪರವಾನಗಿ ಕೇಳಿ ಬಂದವನನ್ನು ತಡೆಯಲು ಅದು ಒಳ್ಳೆಯ ಬಲೆ. ಜೇಬಿನಲ್ಲಿ ಆಗಲೇ ಇರುವುದನ್ನು ಕಿತ್ತುಕೊಳ್ಳುವ ಕೆಲಸಕ್ಕೆ ಗುಮಾಸ್ತನೇ ಬೇಕು. ವಾಣಿಜ್ಯ ಪರವಾನಗಿ ಇರುವವರ ಶಿಕ್ಷೆಯನ್ನು 10 ದಿನದೊಳಗೆ ತವರು ರಾಜ್ಯಕ್ಕೆ ತಿಳಿಸಬೇಕೆಂಬ ಕೇಂದ್ರದ ನಿಯಮವಿದೆ, ಒಳ್ಳೆಯದೇ. ಅದರ ಜೊತೆಗೆ, ಬಂದೂ ತೆರೆಯದೆ ಬಿದ್ದಿರುವ ನೋಟಿಸುಗಳೆಷ್ಟು ಎಂದು ಪ್ರತಿ ರಾಜ್ಯವೂ ತಿಂಗಳಿಗೊಮ್ಮೆ ಪ್ರಕಟಿಸಲಿ.